ಬಿಳಿ ಕರಡಿಯ ಊರಿನಲ್ಲಿ ನಾಲ್ಕು ದಿನ

ಮಕ್ಕಳೇ, ಕೆನಡಾ ದೇಶದ ನಕ್ಷೆ ಬಿಡಿಸಿ ವ್ಯಾಂಕೂವರ್ ನಗರದ ಮೇಲೆ ಬೆರಳಿಡಿ. ಅಲ್ಲಿಂದ ಕಡಲತೀರ ಹಿಡಿದು ವಾಯವ್ಯಕ್ಕೆ ಸರಿಯಿರಿ. ನೆಲ ಚೂರುಚೂರಾಗಿ ನೂರಾರು ದ್ವೀಪಗಳಾಗಿರುವುದು ಕಾಣುತ್ತದೆ. ಅವುಗಳಲ್ಲೊಂದು ಸ್ವಿಂಡಲ್ ದ್ವೀಪ. ಅಲ್ಲಿಯ ಪುಟ್ಟ ಊರು ಕ್ಲೆಮ್ಟು. ಹೊರಗಿನಿಂದ ಈ ಊರಿಗೆ ರಸ್ತೆಯೇ ಇಲ್ಲ! ವ್ಯಾಂಕೂವರಿನಲ್ಲಿರುವ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳ ಜೊತೆ ನಾನು ಮೊದಲು ಸಣ್ಣ ವಿಮಾನದಲ್ಲಿ ಬೆಲ್ಲಾ ಬೆಲ್ಲಾ ಎಂಬಲ್ಲಿಗೆ, ಅಲ್ಲಿಂದ ದೋಣಿಯಲ್ಲಿ ಕ್ಲೆಮ್ಟುವಿಗೆ ಹೋದೆ.

ನಾವು ಇಳಿದುಕೊಂಡದ್ದು ನೀರಿನ ಅಂಚಿನಲ್ಲೇ ಇರುವ ಸ್ಪಿರಿಟ್ ಬೇರ್ ಲಾಡ್ಜ್‌ನಲ್ಲಿ. ಇದರ ಒಡೆಯರು ಯಾವ ಸೇಠರೂ ಅಲ್ಲ, ಊರವರೇ. ಸಾವಿರಾರು ವರ್ಷಗಳಿಂದ ಈ ತೀರದಲ್ಲಿ ಬಾಳಿದ ಕಿಟಾಸು ಮತ್ತು ಹೇಹೇಸ್ ಎಂಬ ಎರಡು ಮೂಲನಿವಾಸಿ ಜನಾಂಗಗಳು ಇಲ್ಲಿ ಒಂದಾಗಿ ನೆಲೆಸಿವೆ. ಒಂದು ಕಾಲಕ್ಕೆ ಊರಿಗೆ ಅನ್ನ ಕೊಟ್ಟದ್ದು ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಅದು ಮುಚ್ಚಿತು. ಮರ ಕಡಿಯುವ ಕೆಲಸವಿತ್ತು. ಆದರೆ ಕಾಡು ಖಾಲಿಯಾದರೆ ಮುಂದೇನು? ಕಾಡನ್ನು ಉಳಿಸಿಕೊಂಡೇ ಉಣ್ಣುವ ದಾರಿಯಾಗಿ ಅವರು ಈ ಲಾಡ್ಜ್ ನಡೆಸುತ್ತಿದ್ದಾರೆ. ಬಾಡಿಗೆ ದುಬಾರಿ, ಸುಳ್ಳೇಕೆ ಹೇಳಲಿ! ಮಗ ಕಟ್ಟಿದ ಬಿಲ್ಲನ್ನು ರೂಪಾಯಿಗೆ ಲೆಕ್ಕ ಹಾಕಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಡುಗೆಯವರು, ದೋಣಿ ನಡೆಸುವವರು, ದಾರಿ ತೋರಿಸುವವರು ಎಲ್ಲ ಊರಿನ ಮಕ್ಕಳೇ ಎಂದು ನೋಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಮೊಮ್ಮಗಳಿಗೆ ಇದಾವುದೂ ಬೇಕಿರಲಿಲ್ಲ. "ಅಜ್ಜ, ಬಿಳಿ ಕರಡಿ ಸಿಗುತ್ತಾ?" ಇದೊಂದೇ ಪ್ರಶ್ನೆ.

ಇದು ಹಿಮಕರಡಿಯಲ್ಲ, ಕಪ್ಪು ಕರಡಿಯ ಜಾತಿಯದೇ. ತಾಯಿ ತಂದೆ ಇಬ್ಬರಿಂದಲೂ ಒಂದು ವಿಶೇಷ ಜೀನ್ ಬಂದರೆ ಮಾತ್ರ ಮರಿಯ ಮೈ ಕೆನೆ ಬಣ್ಣದ್ದಾಗುತ್ತದೆ. ಹಾಗಾಗಿ ಕಪ್ಪು ತಾಯಿಗೂ ಬಿಳಿ ಮರಿ ಹುಟ್ಟಬಹುದು. ಒಂದು ಕಾಲಕ್ಕೆ ಎಲ್ಲೆಲ್ಲೂ ಹಿಮವಿತ್ತೆಂಬ ನೆನಪಿಗಾಗಿ ಸೃಷ್ಟಿಕರ್ತನಾದ ಕಾಗೆ ಹತ್ತರಲ್ಲೊಂದು ಕರಡಿಯನ್ನು ಬಿಳಿಯಾಗಿಸಿತು ಎನ್ನುತ್ತದೆ ಇಲ್ಲಿಯ ಕಥೆ. ನಮ್ಮಲ್ಲಿ ಪಿತೃಪಕ್ಷಕ್ಕೆ ಮಾತ್ರ ನೆನಪಾಗುವ ಕಾಗೆಗೆ ಅಲ್ಲಿ ಎಂಥ ಪಟ್ಟ ನೋಡಿ!

ಮೊದಲ ಎರಡು ದಿನ ಹೊಳೆಯ ದಡದಲ್ಲಿ ಕೂತೆವು. ಮಾತಿಲ್ಲ, ಕತೆಯಿಲ್ಲ. ಮಲೆನಾಡಿನ ಆಷಾಢದ ಹಾಗೆ ಜಿಟಿಜಿಟಿ ಮಳೆ. ನನ್ನ ಮಂಡಿಗಳು ಮರಗಟ್ಟಿದವು. ಕಪ್ಪು ಕರಡಿಗಳು ಬಂದವು, ಹೋದವು. ಎರಡನೆಯ ಸಂಜೆ ಹುಡುಗಿ ಊಟ ಬಿಟ್ಟು ಮಲಗಿದಳು.

ಮೂರನೆಯ ದಿನ ಮಧ್ಯಾಹ್ನ ನಮ್ಮನ್ನು ಕರೆದೊಯ್ದಿದ್ದ ತರುಣಿ ಸುಮ್ಮನೆ ಬೆರಳು ತೋರಿಸಿದಳು. ಪಾಚಿ ಕಟ್ಟಿದ ಮರದ ಹಿಂದಿನಿಂದ ಕೆನೆ ಬಣ್ಣದ ಮೈಯೊಂದು ನಿಧಾನವಾಗಿ ನೀರಿಗಿಳಿಯಿತು. ಮೊಮ್ಮಗಳು ನನ್ನ ಕೈಯನ್ನು ಉಗುರೂರುವಂತೆ ಹಿಡಿದಳು. ಕರಡಿ ಸಾಲ್ಮನ್ ಮೀನೊಂದನ್ನು ಕಚ್ಚಿಕೊಂಡು ಕಾಡಿನೊಳಗೆ ನಡೆಯಿತು. ಒಟ್ಟು ಹನ್ನೊಂದು ನಿಮಿಷ. ಗಡಿಯಾರ ನೋಡಿಕೊಳ್ಳುವ ಬ್ಯಾಂಕಿನ ಚಾಳಿ ನನಗೆ ಇನ್ನೂ ಹೋಗಿಲ್ಲ.

ಹಗಲಿನಲ್ಲಿ ಬಿಳಿ ಕರಡಿಗೆ ಕಪ್ಪು ಕರಡಿಗಿಂತ ಹೆಚ್ಚು ಮೀನು ಸಿಗುತ್ತದೆಯಂತೆ. ಬೆಳಕಿನ ಆಕಾಶದ ಎದುರು ಬಿಳಿ ಮೈ ಮೀನಿನ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕರಡಿ ಅರ್ಧ ತಿಂದು ಬಿಟ್ಟ ಮೀನು ಕೊಳೆತು ಮರಗಳಿಗೆ ಗೊಬ್ಬರವಾಗುತ್ತದೆ. ಸಮುದ್ರದಿಂದ ಬಂದ ಸಾರಜನಕವನ್ನು ಇಲ್ಲಿಯ ಮರಗಳಲ್ಲಿ ಗುರುತಿಸಿದ್ದಾರೆ. ಕಡಲು ಹೀಗೆ ಕರಡಿಯ ಬಾಯಿಂದ ಕಾಡಿಗೆ ಸಂದಾಯವಾಗುತ್ತದೆ!

ಈಗ ಒಂದು ಗುಮಾಸ್ತನ ಲೆಕ್ಕ. ಕರಡಿಯನ್ನು ಕೊಂದರೆ ಹಣ ಒಂದೇ ಸಲ. ಬದುಕಲು ಬಿಟ್ಟರೆ ವರ್ಷ ವರ್ಷವೂ ಬಡ್ಡಿ. ಈ ಸೀಮೆಯಲ್ಲಿ ಕರಡಿ ಬೇಟೆಗಿಂತ ಕರಡಿ ನೋಡಲು ಬಂದವರು ಸುಮಾರು ಹನ್ನೆರಡು ಪಟ್ಟು ಹೆಚ್ಚು ಖರ್ಚು ಮಾಡುತ್ತಾರೆಂದು 2014ರ ಅಧ್ಯಯನವೊಂದು ತೋರಿಸಿತು. 2017ರಲ್ಲಿ ಸರ್ಕಾರ ಗ್ರಿಜ್ಲಿ ಕರಡಿಯ ಮೋಜಿನ ಬೇಟೆಯನ್ನು ನಿಲ್ಲಿಸಿತು. ಬಿಳಿ ಕರಡಿಯ ಬೇಟೆಗೆ ಮೊದಲೇ ನಿಷೇಧವಿತ್ತು. ಆದರೆ ಅದರ ಜೀನನ್ನು ಮೈಯಲ್ಲಿ ಹೊತ್ತ ಕಪ್ಪು ಕರಡಿಯನ್ನೇ ಹೊಡೆದರೆ? ಊರವರು ಹಟ ಬಿಡದೆ ಕೇಳಿ, 2022ರಲ್ಲಿ ಈ ಕಾಡಿನ ಒಂದು ಭಾಗದಲ್ಲಿ ಕಪ್ಪು ಕರಡಿಯ ಬೇಟೆಯನ್ನೂ ನಿಲ್ಲಿಸಿಸಿದರು.

ಆ ಸಂಜೆ ಮೊಮ್ಮಗಳು ಅಡುಗೆಮನೆಗೇ ಓಡಿ, ಅಲ್ಲಿದ್ದ ವಯಸ್ಸಾದ ಹೆಂಗಸಿಗೆ ಸುದ್ದಿ ಮುಟ್ಟಿಸಿದಳು. ಆಕೆ ನಕ್ಕು ಅವಳ ತಲೆ ಸವರಿದರು. ಆಮೇಲೆ ದೋಣಿ ನಡೆಸಿದವನ ಕಡೆ ತಿರುಗಿ ಕೇಳಿದ್ದು ಕರಡಿಯ ಸುದ್ದಿಯನ್ನಲ್ಲ. "ಹೊಳೆಯಲ್ಲಿ ಮೀನು ಎಷ್ಟಿದೆ?" ಎಂದು.

"ಹೋದ ವರ್ಷಕ್ಕಿಂತ ಪರವಾಗಿಲ್ಲ" ಎಂದ ಆತ. ಆಕೆ ತಲೆಯಾಡಿಸಿ ಮತ್ತೆ ಒಲೆಯ ಕಡೆ ತಿರುಗಿದರು.