ಇರುಳಾಟ

ಸಾಹಿತ್ಯ ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆಂದು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಾರದಾಗಿ ಬೇಡುತ್ತೇನೆ. ಹೋದ ತಿಂಗಳು ನಮ್ಮ ಸಂಘದ ಜಗಲಿಯ ಮೇಲೆ, ಸಭೆ ಮುಗಿದು ಕಾಫಿ ಬರುವುದರೊಳಗಾಗಿ, ಒಂದು ವಾದವೆದ್ದಿತು. ಟೆಸ್ಟ್ ಪಂದ್ಯವನ್ನು ಇರುಳಿನಲ್ಲಿ ವಿದ್ಯುದ್ದೀಪಗಳ ಕೆಳಗೆ ಆಡುವುದು ಯುಕ್ತವೇ ಅಲ್ಲವೇ ಎಂಬುದೇ ಅದರ ವಸ್ತು. ಕಾಫಿ ಬಂದು ಆರಿಹೋದರೂ ವಾದ ಆರಲಿಲ್ಲ. ಹಿರಿಯರೆಲ್ಲ ಒಂದು ಪಕ್ಷ, ಕಿರಿಯರೆಲ್ಲ ಇನ್ನೊಂದು. ವಯಸ್ಸಿನಿಂದ ನಾನು ಹಿರಿಯರ ಪಕ್ಷಕ್ಕೆ ಸೇರಬೇಕಾದವನು. ಅವರೂ ಹಾಗೆಯೇ ತಿಳಿದು ನನ್ನ ಮುಖವನ್ನು ನೋಡಿದರು. ನಾನು ಸುಮ್ಮನಿದ್ದೆ. ಅಂದಿನ ಮೌನಕ್ಕೆ ಇಂದು ಸಮಾಧಾನ ಹೇಳುವುದು ನನ್ನ ಋಣ.

ಹತ್ತು ವರ್ಷಗಳ ಕೆಳಗೆ ಕೇಳಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಟೆಸ್ಟ್ ಪಂದ್ಯವು ಬಿಸಿಲಿನ ಕೂಸು. ಬೆಳಗಿನ ತೇವ, ನಡುಹಗಲಿನ ಕಾವು, ಸಂಜೆಯ ನೆರಳು, ಇವೆಲ್ಲ ಆ ಆಟದೊಳಗಿನ ಪಾತ್ರಗಳು. ಸೂರ್ಯನನ್ನು ತೆಗೆದು ಅಲ್ಲಿ ದೀಪದ ಕಂಬವನ್ನು ನೆಟ್ಟರೆ ಉಳಿಯುವುದೇನು ಎಂದು ನಾನೇ ಹಲವು ಸಲ ಕೇಳಿದ್ದುಂಟು. ಆದರೆ ಸಂಪ್ರದಾಯವೆಂದು ನಾವು ಹಿಡಿದುಕೊಂಡಿರುವುದು ಎಷ್ಟು ಹಳೆಯದೆಂದು ಹುಡುಕಹೊರಟರೆ ಸ್ವಲ್ಪ ಮುಖಭಂಗವಾಗುತ್ತದೆ. 1939ರಲ್ಲಿ ಡರ್ಬನ್ ನಗರದ ಟೆಸ್ಟಿಗೆ ದಿನಗಳ ಮಿತಿಯೇ ಇರಲಿಲ್ಲ. ಇಂಗ್ಲೆಂಡಿನವರು ಹಡಗನ್ನು ಹಿಡಿಯಬೇಕಾಗಿ ಬಂದುದರಿಂದ ಮಾತ್ರವೇ ಆಟ ನಿಂತಿತು. ಆಸ್ಟ್ರೇಲಿಯದಲ್ಲಿ ಬಹುಕಾಲ ಓವರಿಗೆ ಎಂಟು ಚೆಂಡುಗಳಿದ್ದುವು. ಪಂದ್ಯದ ನಡುವೆ ಒಂದು ವಿಶ್ರಾಂತಿಯ ದಿನವಿತ್ತು. ಅಂಕಣಕ್ಕೆ ಮಳೆಯಿಂದ ಹೊದಿಕೆ ಇರಲಿಲ್ಲ. ಅವೆಲ್ಲ ಹೋದುವು, ಆಟ ಹೋಗಲಿಲ್ಲ. ಆದಕಾರಣ 'ಹಿಂದೆ ಹೀಗಿರಲಿಲ್ಲ' ಎಂಬುದು ಪೂರ್ಣವಾದ ಉತ್ತರವಲ್ಲ.

ನನ್ನ ಮನಸ್ಸನ್ನು ತಿರುಗಿಸಿದುದು ಈ ಇತಿಹಾಸವೂ ಅಲ್ಲ, ಹಳೆಯದೊಂದು ನೆನಪು. 1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಬಂದವರು ವೆಸ್ಟ್ ಇಂಡೀಸಿನವರು. ಕ್ಲೈವ್ ಲಾಯ್ಡ್ ಅವರ ಹೊಸ ನಾಯಕ. ನನಗೆ ಆಗ ಹನ್ನೆರಡು ವರ್ಷ. ನಮ್ಮ ತಂದೆ ಬೆಂಗಳೂರಿನ ಒಂದು ಬಟ್ಟೆಯ ಗಿರಣಿಯಲ್ಲಿ ಮಗ್ಗದ ಕೆಲಸದವರು. ಹಗಲಿನ ಪಾಳಿಯನ್ನು ಬಿಟ್ಟರೆ ಕೂಲಿ ಹೋಗುತ್ತದೆ. ಕೂಲಿ ಹೋದರೆ ಮನೆಯಲ್ಲಿ ಆರು ಬಾಯಿ. ಆದ್ದರಿಂದ ಅವರು ಯಾರಿಗೋ ಕೈಮುಗಿದು ಆ ವಾರಕ್ಕೆ ರಾತ್ರಿಯ ಪಾಳಿಯನ್ನು ಹಾಕಿಸಿಕೊಂಡರು. ಬೆಳಗಾಗುವವರೆಗೆ ಮಗ್ಗದ ಮುಂದೆ ನಿಂತಿದ್ದು, ಕಿವಿಯಲ್ಲಿ ಅದರ ಸದ್ದು ಇನ್ನೂ ಅಡಗದಿರುವಾಗಲೇ ಮನೆಗೆ ಬಂದು ಮುಖ ತೊಳೆದು, ನನ್ನ ಕೈ ಹಿಡಿದು ಮೈದಾನಕ್ಕೆ ನಡೆದರು. ಕಟ್ಟಡವಿನ್ನೂ ಪೂರ್ತಿಯಾಗಿರಲಿಲ್ಲ. ಬಿಸಿಲಿನಲ್ಲಿ ಕುಳಿತೆವು. ಆಟ ತೊಡಗಿ ಒಂದು ಗಳಿಗೆಯಾಗಿರಬಹುದು, ತಂದೆ ಕುಳಿತಂತೆಯೇ ನಿದ್ದೆಹೋದರು.

ನಾನು ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಿಗೆ ಜನರೆಲ್ಲ ಒಮ್ಮೆಗೇ ಎದ್ದು ಕೂಗಿದರು. ತಂದೆ ಬೆಚ್ಚಿ ಕಣ್ಣುಬಿಟ್ಟು, "ಏನಾಯಿತೋ?" ಎಂದರು. ಚಂದ್ರಶೇಖರರಿಗೆ ವಿಕೆಟ್ಟು ಬಿತ್ತೆಂದೆ. "ಯಾರು ಹೋದದ್ದು?" "ಯಾರೋ ಹೊಸಬ, ನಾಲ್ಕು ರನ್ನಿಗೆ." ಆ ಹೊಸಬನೇ ವಿವಿಯನ್ ರಿಚರ್ಡ್ಸ್ ಎಂಬುದನ್ನು ಲೋಕ ತಿಳಿದುದು ಆಮೇಲೆ. ಅದೇ ಪಂದ್ಯದಲ್ಲಿ ಮೊದಲ ಹೆಜ್ಜೆಯಿಟ್ಟ ಗ್ರೀನಿಜ್ 93 ಮತ್ತು 107 ಓಟಗಳನ್ನು ಗಳಿಸಿದುದನ್ನು ತಂದೆ ಮುಂದೆ ಬಹುಕಾಲ ಹೇಳುತ್ತಿದ್ದರು. ತಾವು ನಿದ್ದೆಮಾಡಿದುದನ್ನು ಮಾತ್ರ ಹೇಳುತ್ತಿರಲಿಲ್ಲ. ಅವರು ಮತ್ತೊಂದು ಟೆಸ್ಟನ್ನು ಮೈದಾನದಲ್ಲಿ ನೋಡಲಿಲ್ಲ.

ಇರುಳು ಆಟಕ್ಕೆ ಯೋಗ್ಯವಲ್ಲವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈಗ ನನಗೆ ಈ ನಿದ್ದೆ ನೆನಪಿಗೆ ಬರುತ್ತದೆ. ದುಡಿಯುವುದಕ್ಕೆ ದೀಪದ ಬೆಳಕು ಸಾಕಾಗುವುದಾದರೆ, ದುಡಿದವನು ಆಟ ನೋಡುವುದಕ್ಕೆ ಮಾತ್ರ ಸಾಲದೇಕೆ?

ಇನ್ನು ನಡೆದುದನ್ನು ನೋಡೋಣ. ಒಂದು ದಿನದ ಪಂದ್ಯವು 1979ರಲ್ಲಿಯೇ ಸಿಡ್ನಿಯಲ್ಲಿ ದೀಪವನ್ನು ಕಂಡಿತ್ತು. ಟೆಸ್ಟ್ ಪಂದ್ಯವು ಕಾಯಬೇಕಾದುದು ಚೆಂಡಿನ ದೆಸೆಯಿಂದ. ಕೆಂಪು ಚೆಂಡು ದೀಪದಡಿಯಲ್ಲಿ ಕಂದಾಗಿ ತೋರಿ ಅಂಕಣದ ಮಣ್ಣಿನೊಡನೆ ಬೆರೆತುಹೋಗುತ್ತದೆ. ಬಿಳಿಯದಾದರೋ ಆಟಗಾರರ ಬಿಳಿಯ ಉಡುಪಿನಲ್ಲಿ ಅಡಗುತ್ತದೆ, ಎಂಬತ್ತು ಓವರು ಬಾಳುವ ಶಕ್ತಿಯೂ ಅದಕ್ಕಿಲ್ಲ. ಕಡೆಗೆ ಗುಲಾಬಿ ಬಣ್ಣವನ್ನು ಆರಿಸಿ, 2015ರ ನವೆಂಬರ್ 27ರಂದು ಅಡಿಲೇಡಿನಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ತಂಡಗಳು ಮೊದಲ ಹಗಲಿರುಳ ಟೆಸ್ಟನ್ನು ಆಡಿದುವು. ಮೂರೇ ದಿನಗಳಲ್ಲಿ ಮುಗಿದ ಆ ಆಟವನ್ನು ನೋಡಲು ಒಂದು ಲಕ್ಷಕ್ಕೆ ಮೀರಿ ಜನ ಬಂದರು. ನಮ್ಮ ದೇಶದವರು 2018ರಲ್ಲಿ ಅದೇ ಅಡಿಲೇಡಿನಲ್ಲಿ ಇರುಳಾಟವನ್ನು ಒಲ್ಲೆವೆಂದರು. ಮರುವರ್ಷ ಕಲ್ಕತ್ತೆಯ ಈಡನ್ ತೋಟದಲ್ಲಿ ಬಾಂಗ್ಲಾದೇಶದೊಡನೆ ತಾವೇ ಆಡಿಸಿದರು. ವಿರಾಟ್ ಕೊಹ್ಲಿ 136 ಗಳಿಸಿದರು.

ಹಿರಿಯರ ಆಕ್ಷೇಪಗಳು ಹುರುಳಿಲ್ಲದವುಗಳಲ್ಲ. ಕೆಂಪು ಚೆಂಡಿನ ತೊಗಲು ಬಣ್ಣವನ್ನು ಹೀರಿಕೊಂಡಿರುತ್ತದೆ. ಗುಲಾಬಿಯದಕ್ಕೆ ಬಣ್ಣವನ್ನು ಮೇಲೆ ಬಳಿದು ಮೆರುಗೆಣ್ಣೆಯನ್ನು ಹೆಚ್ಚಾಗಿ ಹಚ್ಚುತ್ತಾರೆ. ಆ ಮೆರುಗನ್ನು ಕಾಯಲು ಅಂಕಣದಲ್ಲಿ ಹುಲ್ಲನ್ನು ಉಳಿಸುವುದುಂಟು. ಗೋಧೂಳಿಯ ಹೊತ್ತಿನಲ್ಲಿ, ಆಕಾಶದ ಬೆಳಕು ಹೋಗಿ ದೀಪದ ಬೆಳಕು ಹಿಡಿಯುವ ನಡುವೆ, ದಾಂಡಿಗನ ಕಣ್ಣು ಮೋಸಹೋಗುತ್ತದೆ. ಇಬ್ಬನಿ ಬಿದ್ದರೆ ಚೆಂಡು ಬೆರಳಿನಿಂದ ಜಾರುತ್ತದೆ. 2021ರಲ್ಲಿ ಅಹಮದಾಬಾದಿನ ಪಂದ್ಯ ಎರಡೇ ದಿನಗಳಲ್ಲಿ ಮುಗಿಯಿತು. 2025ರ ಜುಲೈನಲ್ಲಿ ಕಿಂಗ್‌ಸ್ಟನ್ನಿನಲ್ಲಿ ವೆಸ್ಟ್ ಇಂಡೀಸಿನವರು ಕೇವಲ 27ಕ್ಕೆ ಉರುಳಿದರು.

ಆದರೆ ಎಲ್ಲ ಅಪಜಯವನ್ನೂ ಇರುಳಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಟೆಸ್ಟಿನ ಇತಿಹಾಸದಲ್ಲಿ ಎಲ್ಲಕ್ಕೂ ಕಡಿಮೆಯ ಮೊತ್ತವಾದ ನ್ಯೂಜಿಲೆಂಡಿನ 26, 1955ರಲ್ಲಿ ಹಗಲಾಟದಲ್ಲಿಯೇ ಆದುದು. ನಮ್ಮವರು 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ 36ಕ್ಕೆ ಮುಗ್ಗರಿಸಿದುದು ಹಗಲಿರುಳ ಪಂದ್ಯದಲ್ಲಿ ನಿಜ. ಆದರೆ ಆ ವಿಕೆಟ್ಟುಗಳೆಲ್ಲ, ಒಂದು ಹೊರತು, ಬಿದ್ದುದು ಮೂರನೆಯ ದಿನದ ಒಳ್ಳೆಯ ಬಿಸಿಲಿನಲ್ಲಿ. ಇತ್ತ ಅಜರ್ ಅಲಿ ದುಬೈಯಲ್ಲಿ 302, ವಾರ್ನರ್ ಅಡಿಲೇಡಿನಲ್ಲಿ 335, ಇಬ್ಬರೂ ಅಜೇಯರಾಗಿ, ಇದೇ ಗುಲಾಬಿ ಚೆಂಡಿನ ಎದುರು ಗಳಿಸಿರುವರು.

ನಮ್ಮ ಸೀಮೆಯವರಿಗೆ ಇರುಳಾಟ ಹೊಸದೂ ಅಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದವರಿಗಾಗಿಯೇ ಅಲ್ಲವೆ ಮೂಡಲಪಾಯದ ಬಯಲಾಟವು ಇರುಳೆಲ್ಲ ನಡೆದುದು? ಪಂಜಿನ ಬೆಳಕಿಗೆ ತಕ್ಕಂತೆ ಮುಖಕ್ಕೆ ಬಣ್ಣ, ಎದೆಗೆ ಹೊಳೆಯುವ ಕಟ್ಟು, ದೂರದವನಿಗೂ ಮುಟ್ಟುವಂತೆ ಕುಣಿತ. ಬೆಳಕು ಎಂಥದೋ ವೇಷವೂ ಅಂಥದು. ಹಗಲಿನ ವೇಷವನ್ನು ಇರುಳಿಗೆ ತಂದರೆ ಕಳೆಗೆಡುತ್ತದೆ. ಇರುಳಿನದನ್ನು ಹಗಲಿಗೆ ತಂದರೆ ನಗೆಗೀಡಾಗುತ್ತದೆ. ಗುಲಾಬಿ ಚೆಂಡು ಇನ್ನೂ ತನ್ನ ವೇಷವನ್ನು ಕಲಿಯುತ್ತಿದೆ. ಕಲಿಯುವವರೆಗೆ ತಾಳ್ಮೆ ಬೇಕು.

2022ರ ಮಾರ್ಚಿಯಲ್ಲಿ ಬೆಂಗಳೂರಿಗೇ ಇರುಳಿನ ಟೆಸ್ಟ್ ಬಂದಿತು. ಎದುರಾಳಿಗಳು ಶ್ರೀಲಂಕೆಯವರು. ಮಗ ಕರೆದನು, ತುಮಕೂರಿನಿಂದ ರೈಲು ಹತ್ತಿ ಹೋದೆ. ಮಧ್ಯಾಹ್ನ ಎರಡಕ್ಕೆ ಮೊದಲಾದ ಆಟ. ಮೊದಲ ದಿನವೇ ಹದಿನಾರು ವಿಕೆಟ್ಟು; ಅಂಕಣವು ಸಾಧಾರಣಕ್ಕಿಂತ ಕೀಳೆಂದು ತೀರ್ಮಾನ ಕೊಟ್ಟವರು ನಮ್ಮ ಜಾವಗಲ್ ಶ್ರೀನಾಥರೇ. ಸಂಜೆಯಾಗುತ್ತ ಬಂದಿತು. ಆಕಾಶ ಮಸುಕಾಯಿತು, ದೀಪಗಳು ಬೆಳಗಿದುವು, ಹುಲ್ಲು ಹಗಲಿಗಿಂತ ಹಸುರಾಯಿತು. ಚೆಲುವಾಗಿತ್ತೆಂದು ಒಪ್ಪಬೇಕು. ಆದರೆ ಆ ಗಳಿಗೆಯಲ್ಲಿ ನನ್ನ ಮುದಿಗಣ್ಣಿಗೆ ಚೆಂಡು ಕಾಣದೆ ಹೋಯಿತು. ಜನ ಎದ್ದು ಕೂಗಿದರು. "ಏನಾಯಿತೋ?" ಎಂದೆ. ಮಗ ಹೇಳಿದನು. ಆ ಮಾತು ಯಾರದೆಂದು ಅವನಿಗೆ ತಿಳಿಯದು. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇರುಳಾಟದ ಪಕ್ಷಕ್ಕೆ ನಾನು ಪೂರ್ತಿಯಾಗಿ ಸೇರಿದಂತಾಗುತ್ತಿತ್ತು. ಆದರೆ ಹಿಂತಿರುಗುವಾಗ ಮಗನನ್ನು ಕೇಳಿದೆ: "ಸೋಮವಾರವೂ ಬರುವೆಯಾ? ಕೆಲಸ ಮುಗಿಸಿ ಸಂಜೆಗೆ ಬರಬಹುದಲ್ಲ." ಅವನು ನಕ್ಕನು. ಅವನ ಕೆಲಸ ಸಂಜೆಗೆ ಮೊದಲಾಗುವಂಥದು. ಕಡಲಾಚೆಯವರ ಗಡಿಯಾರಕ್ಕೆ ತಕ್ಕಂತೆ ಅವನು ಇರುಳೆಲ್ಲ ಎಚ್ಚರವಾಗಿರಬೇಕು. ಶನಿವಾರ, ಭಾನುವಾರ ಬಿಟ್ಟರೆ ಅವನಿಗೆ ಇರುಳಿನ ಆಟವೂ ಇಲ್ಲ. ಆ ಸೋಮವಾರದಂದು ಪಂದ್ಯವೇ ಮುಗಿದುಹೋಯಿತು. ಮತ್ತೆ ನನ್ನಂತಹ ಊರಿನವರ ಪಾಡು ಬೇರೆ: ಒಂಬತ್ತಕ್ಕೆ ಆಟ ಬಿಟ್ಟರೆ ರೈಲಿನ ಚಿಂತೆ, ಕಡೆಯ ಓವರುಗಳನ್ನು ನಾನು ನೋಡಿದುದಕ್ಕಿಂತ ಗಡಿಯಾರವನ್ನು ನೋಡಿದುದೇ ಹೆಚ್ಚು.

ಆದುದರಿಂದ ಎಲ್ಲರಿಗೂ ಒಪ್ಪುವ ಹೊತ್ತೆಂಬುದು ಇಲ್ಲ. ಹಗಲಿನಲ್ಲಿ ಒಬ್ಬನು ನಿದ್ದೆಮಾಡುತ್ತಾನೆ, ಇರುಳಿನಲ್ಲಿ ಇನ್ನೊಬ್ಬನು ದುಡಿಯುತ್ತಾನೆ. ಹಾಗಿರುವಲ್ಲಿ ಒಂದೇ ಹೊತ್ತನ್ನು ಶಾಶ್ವತವಾಗಿ ಹಿಡಿದುಕೊಂಡು ಉಳಿದವರನ್ನು ಹೊರಗಿಡುವುದೇ ತಪ್ಪು. ಪ್ರವಾಸವೊಂದರಲ್ಲಿ ಒಂದು ಪಂದ್ಯ ಇರುಳಿನಲ್ಲಿ ನಡೆಯಲಿ. ಇಬ್ಬನಿ ಕಡಿಮೆಯಿರುವ ಊರು, ಮಾಸಗಳನ್ನು ನೋಡಿ ಗೊತ್ತುಮಾಡಲಿ. ಉಳಿದುವು ಬಿಸಿಲಿನಲ್ಲಿಯೇ ನಡೆಯಲಿ. ನಮ್ಮ ಹಿರಿಯರಿಗೆ ಇದು ಹೆಚ್ಚೆನಿಸಬಹುದು, ಕಿರಿಯರಿಗೆ ಕಡಿಮೆಯೆನಿಸಬಹುದು. ರಾತ್ರಿಯ ಪಾಳಿ ಮುಗಿಸಿ ಬಂದು ಬಿಸಿಲಿನಲ್ಲಿ ಕುಳಿತು ತೂಕಡಿಸಿದ ಒಬ್ಬರನ್ನು ಬಲ್ಲೆನಾದ್ದರಿಂದ, ಇದಕ್ಕಿಂತ ಕಡಿಮೆಯನ್ನು ಹೇಳಲು ನನಗೆ ಮನಸ್ಸು ಬಾರದು.