ಗೆದ್ದ ಬಂದೂಕು ಯಾರದು?

ಲೂಟ್ ಶೂಟರ್ ಆಟಗಳ ಲೆಕ್ಕ ಮೇಲ್ನೋಟಕ್ಕೆ ಸರಳ. ಶತ್ರುವನ್ನು ಹೊಡೆದರೆ ಬಂದೂಕೋ ಕವಚವೋ ಬೀಳುತ್ತದೆ. ಅದನ್ನು ಹಿಡಿದು ಇನ್ನೂ ದೊಡ್ಡ ಶತ್ರುವನ್ನು ಹೊಡೆದರೆ ಇನ್ನೂ ಒಳ್ಳೆಯದು ಬೀಳುತ್ತದೆ. 2009ರ ‘ಬಾರ್ಡರ್‌ಲ್ಯಾಂಡ್ಸ್’ ಈ ಚಟವನ್ನು ಮನೆಮಾತು ಮಾಡಿತು. 2014ರ ‘ಡೆಸ್ಟಿನಿ’ ಅದನ್ನು ಇಂಟರ್ನೆಟ್ ಇಲ್ಲದೆ ಬಾಗಿಲೇ ತೆರೆಯದ ಲೋಕವಾಗಿಸಿತು. ನನ್ನನ್ನು ಕಾಡುತ್ತಿರುವುದು ಅದರಾಚೆಯ ಪ್ರಶ್ನೆ. ಇಷ್ಟು ಕಷ್ಟಪಟ್ಟು ಕೂಡಿಟ್ಟದ್ದು ಎಲ್ಲಿಯವರೆಗೆ ಆಟಗಾರನದು?

*

‘ಡೆಸ್ಟಿನಿ 2’ರಲ್ಲಿ ಹೊಸ ವಾರ ಶುರುವಾಗುವುದು ನಮ್ಮ ಮಂಗಳವಾರ ರಾತ್ರಿ ಹತ್ತೂವರೆಗೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

*

ಒಂದೇ ಹೆಸರಿನ ಬಂದೂಕು ಹತ್ತು ಸಲ ಸಿಕ್ಕರೂ ಹತ್ತೂ ಬೇರೆ ಬೇರೆ. ಪ್ರತಿಯೊಂದರ ವಿಶೇಷ ಗುಣಗಳನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ಆರಿಸುತ್ತದೆ. ಬೇಕಾದ ಎರಡು ಗುಣಗಳ ಜೋಡಿ ಒಂದೇ ಬಂದೂಕಿನಲ್ಲಿ ಸಿಗಲಿ ಎಂದು ಜನ ಅದೇ ಹೋರಾಟವನ್ನು ಮತ್ತೆ ಮತ್ತೆ ಮಾಡುತ್ತಾರೆ. 2024ರ ಕೊನೆಯಲ್ಲಿ ‘ಡೆಸ್ಟಿನಿ 2’ ಆಟಗಾರರಿಗೆ ಒಂದು ಅನುಮಾನ ಹುಟ್ಟಿತು: ‘ವಿಎಸ್ ಚಿಲ್ ಇನ್‌ಹಿಬಿಟರ್’ ಎಂಬ ಗ್ರೆನೇಡ್ ಲಾಂಚರಿನಲ್ಲಿ ಎಲ್ಲರೂ ಬಯಸುವ ಜೋಡಿಯೇ ಯಾಕೆ ಇಷ್ಟು ಅಪರೂಪ? ಯಾವ ಗುಣ ಸಿಗುವ ಸಾಧ್ಯತೆಯಲ್ಲೂ ಏರುಪೇರು ಮಾಡಿಲ್ಲ ಎಂದಿತು ತಯಾರಕ ಸಂಸ್ಥೆ ಬಂಜೀ. ಆಟಗಾರರು ಸುಮ್ಮನಾಗಲಿಲ್ಲ. ಯಾರ ಬಳಿ ಯಾವ ಜೋಡಿ ಇದೆ ಎಂಬ ಲೆಕ್ಕವನ್ನು ಸಾವಿರಾರು ಬಂದೂಕುಗಳಿಂದ ಒಟ್ಟುಮಾಡಿದರು. ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಗುಣಗಳು ಹೆಚ್ಚಾಗಿ ಜೊತೆಗೂಡುತ್ತಿದ್ದವು, ದೂರದವು ಕೂಡುವುದೇ ಕಡಿಮೆ. ಮತ್ತೆ ಹುಡುಕಿದಾಗ ಬಂಜೀಗೂ ತನ್ನ ಕೋಡ್‌ನಲ್ಲಿ ದೋಷ ಕಂಡಿತು; ನವೆಂಬರಿನಲ್ಲಿ ಒಪ್ಪಿಕೊಂಡಿತು.

ಉದ್ದೇಶಪೂರ್ವಕ ಮೋಸವಲ್ಲ ಎಂಬುದನ್ನು ನಾನು ನಂಬುತ್ತೇನೆ. ಆದರೂ ಇಡೀ ಆಟ ನಿಂತಿರುವುದೇ ಚೀಟಿ ನ್ಯಾಯವಾಗಿ ಎತ್ತುತ್ತಾರೆ ಎಂಬ ನಂಬಿಕೆಯ ಮೇಲೆ. ಆ ಪೆಟ್ಟಿಗೆಯೊಳಗೆ ಇಣುಕುವ ಹಕ್ಕು ಆಟಗಾರನಿಗಿಲ್ಲ. ಸಂಬಳವಿಲ್ಲದೆ ಲೆಕ್ಕಪರಿಶೋಧನೆ ಮಾಡಿದ ಆ ಅಪರಿಚಿತರ ಮೇಲೆ ನನಗೆ ತುಂಬ ಗೌರವ.

*

2020ರ ನವೆಂಬರಿನಲ್ಲಿ ಬಂಜೀ ಆಟದಿಂದ ಮಂಗಳ, ಬುಧ, ಅಯೋ, ಟೈಟನ್‌ಗಳನ್ನೇ ತೆಗೆದುಹಾಕಿತು. 2017ರಲ್ಲಿ ಜನ ಹಣ ಕೊಟ್ಟು ಕೊಂಡಿದ್ದ ‘ರೆಡ್ ವಾರ್’ ಕಥಾಭಾಗವೂ ಅದರ ಜೊತೆಗೇ ಹೋಯಿತು. ಆಟ ನಿಭಾಯಿಸಲಾಗದಷ್ಟು ದೊಡ್ಡದಾಗಿದೆ ಎಂಬುದು ಕಾರಣ. ಹಳೆಯ ಬಂದೂಕುಗಳ ಬಲಕ್ಕೂ ಆಗಲೇ ಮಿತಿ ಹಾಕಿದರು. ಆಟಗಾರರು ಸಿಟ್ಟಾದರು, ಮರುವರ್ಷವೇ ಆ ನೀತಿಯನ್ನು ಕೈಬಿಡಬೇಕಾಯಿತು.

ಇದರ ಮುಂದಿನ ಭಾಗ ನಡೆದದ್ದು ನ್ಯಾಯಾಲಯದಲ್ಲಿ. ‘ರೆಡ್ ವಾರ್’ ತನ್ನ ಬರವಣಿಗೆಯ ನಕಲು ಎಂದು ಲೇಖಕರೊಬ್ಬರು ಅಮೆರಿಕದ ಲೂಸಿಯಾನಾದಲ್ಲಿ ದಾವೆ ಹೂಡಿದರು. ಅಲ್ಲ ಎಂದು ತೋರಿಸಲು ಬಂಜೀ ಬಳಿ ಆಡಿಸಿ ತೋರಿಸಬಹುದಾದ ‘ರೆಡ್ ವಾರ್’ ಇರಲಿಲ್ಲ. ಹಳೆಯ ಆವೃತ್ತಿ ಈಗಿನ ವ್ಯವಸ್ಥೆಯಲ್ಲಿ ಓಡುವುದಿಲ್ಲವಂತೆ. ಯೂಟ್ಯೂಬ್ ವಿಡಿಯೊಗಳನ್ನು ಸಲ್ಲಿಸಿದರು. ಅವನ್ನು ಆಧಾರವಾಗಿ ಹಿಡಿದು ದಾವೆಯನ್ನು ವಜಾ ಮಾಡಲು 2025ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಮಾಡಿದವರ ಕೈಯಲ್ಲೇ ಉಳಿಯದ ವಸ್ತುವನ್ನು ಕೊಂಡವನು ಯಾರ ಹತ್ತಿರ ಕೇಳಬೇಕು?

*

ಬಯೋವೇರ್‌ನ ‘ಆಂಥಮ್’ ಬಂದದ್ದು 2019ರಲ್ಲಿ. 2026ರ ಜನವರಿ 12ಕ್ಕೆ ಸರ್ವರ್ ನಿಲ್ಲುತ್ತದೆ ಎಂದು ಪ್ರಕಟವಾಯಿತು. ಸರ್ವರ್ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗದ ಆಟ. ಡಿಸ್ಕ್ ಇದ್ದೂ ಪ್ರಯೋಜನವಿಲ್ಲ. ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಸೋತ ‘ಸೂಯಿಸೈಡ್ ಸ್ಕ್ವಾಡ್’ ಆಟಕ್ಕೆ 2024ರ ಡಿಸೆಂಬರಿನಲ್ಲಿ ಆಫ್‌ಲೈನ್ ವ್ಯವಸ್ಥೆ ಕೊಟ್ಟರು. ‘ರೆಡ್‌ಫಾಲ್’ಗೂ ಅದೇ ವರ್ಷ ಸಿಕ್ಕಿತು, ಅದನ್ನು ಮಾಡಿದ ಸ್ಟುಡಿಯೋವನ್ನೇ ಮುಚ್ಚುವ ಹೊತ್ತಿನಲ್ಲಿ. ಮಾರಿದ ಆಟಗಳನ್ನು ಹೀಗೆ ಕೊಲ್ಲಬೇಡಿ ಎಂಬ ಯುರೋಪಿನ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದದ್ದು ಸುಮ್ಮನೆ ಅಲ್ಲ.

*

ಈಗ ಹೊಸ ಗೊಂದಲ. ಕೂಡಿಟ್ಟದ್ದು ಹೋಯಿತೆಂದು ಕೊರಗುವ ಜನವೇ, ಸತ್ತರೆ ಎಲ್ಲ ಕಳೆದುಕೊಳ್ಳುವ ಎಕ್ಸ್‌ಟ್ರ್ಯಾಕ್ಷನ್ ಶೂಟರ್‌ಗಳಿಗೆ ಮುಗಿಬಿದ್ದಿದ್ದಾರೆ. ಸ್ಟಾಕ್‌ಹೋಮಿನ ಎಂಬಾರ್ಕ್ ಸ್ಟುಡಿಯೋದ ‘ಆರ್ಕ್ ರೈಡರ್ಸ್’ 2025ರ ಅಕ್ಟೋಬರ್ ಕೊನೆಗೆ ಬಂತು. ನೆಲದಡಿಯ ಊರಿನಿಂದ ಮೇಲೆ ಬರಬೇಕು, ಯಂತ್ರಗಳ ಕಣ್ಣು ತಪ್ಪಿಸಿ ಚೀಲ ತುಂಬಬೇಕು, ಬದುಕಿ ಇಳಿಯಬೇಕು.

ಅಕ್ಕನ ಮಗ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಚೀಲ ತುಂಬಿತ್ತು, ಲಿಫ್ಟ್ ಕರೆದಿದ್ದ. ಗೋಡೆಯ ಮರೆಯಿಂದ ಅಪರಿಚಿತನೊಬ್ಬ ಬಂದ. ಇವನು ‘ಗುಂಡು ಹಾರಿಸಬೇಡ’ ಎಂಬ ಸನ್ನೆ ಮಾಡಿದ. ಆತನೂ ಅದನ್ನೇ ಮಾಡಿದ. ಇಬ್ಬರೂ ಒಟ್ಟಿಗೆ ಲಿಫ್ಟಿನತ್ತ ನಡೆದರು. ಬಾಗಿಲ ಹತ್ತಿರ ಆತ ಬೆನ್ನಿಗೆ ಗುಂಡು ಹೊಡೆದ. “ಎಲ್ಲಾ ಹೋಯ್ತಲ್ಲೋ!” ಎಂದೆ. “ಹೋಗ್ಲಿ ಬಿಡಿ ಮಾಮಾ, ಬೆನ್ನು ತೋರಿಸಿದ್ದು ನಾನೇ ಅಲ್ವಾ” ಎಂದು ಮತ್ತೆ ಹೊರಟ. ಹಿಂದೊಮ್ಮೆ ಯಾವುದೋ ಆಟ ಮುಚ್ಚಿದಾಗ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದವನು ಇವನೇ.

ನನಗೆ ಹೊಳೆದದ್ದು ಇಷ್ಟು: ಜನಕ್ಕೆ ಕಳೆದುಕೊಳ್ಳುವುದು ಅಸಹನೀಯವಲ್ಲ. ಆಟದ ನಿಯಮಕ್ಕೆ ಕಟ್ಟುಬಿದ್ದು, ಎದುರಾಳಿಯ ಕೈಯಲ್ಲಿ ಕಳೆದುಕೊಂಡರೆ ಅದೂ ಆಟವೇ. ಆಟದ ಹೊರಗೆ ಕೂತವರು ಒಂದು ಪ್ರಕಟಣೆ ಹೊರಡಿಸಿ ಕಿತ್ತುಕೊಂಡರೆ ಅಲ್ಲಿ ಆಟವಿಲ್ಲ. ಈ ವ್ಯತ್ಯಾಸ ಹಿಡಿದವರ ಆಟಗಳಷ್ಟೇ ಮುಂದೆ ಬಾಳುತ್ತವೆ ಎಂದು ನನ್ನ ಅಂದಾಜು. ಬಂಜೀ ಕೂಡ ‘ಮ್ಯಾರಥಾನ್’ ಹೆಸರಿನಲ್ಲಿ ಎಕ್ಸ್‌ಟ್ರ್ಯಾಕ್ಷನ್ ಕಡೆಗೇ ಹೊರಳಿದೆ.

*

ಕೆನಡಾದ ಡಿಜಿಟಲ್ ಎಕ್ಸ್‌ಟ್ರೀಮ್ಸ್‌ನ ‘ವಾರ್‌ಫ್ರೇಮ್’ ಬೇರೆಯೇ ದಾರಿ ಹಿಡಿದಿದೆ. 2013ರಿಂದ ನಡೆಯುತ್ತಿರುವ, ಪುಕ್ಕಟೆಯಾಗಿ ಆಡಬಹುದಾದ ಆಟ. ಅದರ ಸರ್ವರ್ ನಿಂತರೆ ಅದಕ್ಕೂ ಆಂಥಮ್‌ನ ಗತಿಯೇ. ಆದರೆ 2023ರಲ್ಲಿ ಅವರು ತಂದ ‘ಇನ್‌ಕಾರ್ನಾನ್’ ಜೋಡಣೆಗಳು ಮೂಲೆ ಸೇರಿದ್ದ ಹಳೆಯ ಆಯುಧಗಳಿಗೆ ಹೊಸ ಶಕ್ತಿ ಕೊಟ್ಟವು. ಆಟದ ಆರಂಭದಲ್ಲೇ ಸಿಗುವ ಬ್ರೇಟನ್ ರೈಫಲ್ಲನ್ನೂ ಕಠಿಣ ಹೋರಾಟಕ್ಕೆ ಒಯ್ಯಬಹುದು. ಹೊಸದನ್ನು ಮಾರಲು ಹಳೆಯದನ್ನು ಮೊಂಡು ಮಾಡುವುದೊಂದೇ ಉಪಾಯವಲ್ಲವೆಂದು ಇಷ್ಟು ವರ್ಷ ಕಣ್ಣೆದುರೇ ಇರುವಾಗ, ದೊಡ್ಡ ಕಂಪನಿಗಳು ಅದನ್ನು ಯಾಕೆ ಕಲಿಯಲಿಲ್ಲ ಎಂಬುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.