ಓಣಿಯ ಚರಂಡಿ ಮತ್ತು ಝಕಾತ್‌ನ ಹಣ

ಕರಾಚಿ ನಗರದ ವಾಯವ್ಯ ಅಂಚಿನಲ್ಲಿ ಒರಂಗಿ ಎಂಬ ವಿಶಾಲ ಬಡಾವಣೆಯಿದೆ. 1971ರ ಯುದ್ಧದ ಬಳಿಕ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರೂ ದುಡಿಮೆ ಅರಸಿ ಬಂದ ಇತರ ಬಡವರೂ ಅಲ್ಲಿ ನೆಲೆಸಿದರು. ಮನೆಗಳು ಎದ್ದವು, ಚರಂಡಿ ಬರಲಿಲ್ಲ. ಹೊಲಸು ನೀರು ಮಕ್ಕಳು ಆಡುವ ಓಣಿಯಲ್ಲೇ ಹರಿಯುತ್ತಿತ್ತು.

1980ರಲ್ಲಿ ಅಖ್ತರ್ ಹಮೀದ್ ಖಾನ್ ಎಂಬ ಹಿರಿಯರು ಅಲ್ಲಿ ಕೆಲಸ ಆರಂಭಿಸಿದರು. ಐಸಿಎಸ್ ಅಧಿಕಾರಿಯಾಗಿದ್ದ ಅವರು ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡು, ಹುದ್ದೆ ತೊರೆದು, ಅಲೀಗಢದ ಸಮೀಪದ ಹಳ್ಳಿಯಲ್ಲಿ ಬೀಗ ತಯಾರಿಸುವ ಕೂಲಿಯಾಗಿ ದುಡಿದವರು. ಒರಂಗಿಯ ಜನರು ಚರಂಡಿಗೆ ಹಣ ಕೇಳಿದಾಗ ಅವರು ಕೊಡಲಿಲ್ಲ. ಇಪ್ಪತ್ತು-ಮೂವತ್ತು ಮನೆಗಳ ಪ್ರತಿ ಓಣಿಯೂ ತನ್ನವನೊಬ್ಬನನ್ನು ಆರಿಸಿ, ಹಣ ಕೂಡಿಸಿ, ತಾನೇ ಕೆಲಸ ಮಾಡಿಸಲಿ. ಅಳತೆ, ನಕ್ಷೆ, ಅಂದಾಜು ವೆಚ್ಚ, ಸಲಕರಣೆ ನಮ್ಮದು ಎಂದರು. ಮನೆಯ ಶೌಚಾಲಯ ಮತ್ತು ಓಣಿಯ ಕೊಳವೆ ನಿವಾಸಿಗಳ ಹೊಣೆ, ಊರಿನ ದೊಡ್ಡ ಕಾಲುವೆ ಸರಕಾರದ ಹೊಣೆ. ನಡುವೆ ಗುತ್ತಿಗೆದಾರನಿಲ್ಲದ ಕಾರಣ ಸರಕಾರಿ ದರದ ಸಣ್ಣ ಅಂಶದಲ್ಲಿ ಕೆಲಸ ಮುಗಿಯಿತು. ಹೀಗೆ ಚರಂಡಿ ಕಂಡ ಓಣಿಗಳು ಸಾವಿರಾರು.

ನಮ್ಮ ಮೊಹಲ್ಲಾದ ಯುವಕರ ಸಂಘಕ್ಕೆ ನಾನು ಈ ಕಥೆಯನ್ನು ಹೇಳಬೇಕಾಯಿತು. ಮಳೆಗಾಲದಲ್ಲಿ ಉಕ್ಕಿ ಹರಿಯುವ ಮದ್ರಸದ ಹಿಂದಿನ ಓಣಿಗೆ ಚರಂಡಿ ಮಾಡಿಸುವ ಆಸೆ ಅವರದ್ದು. "ಹಝ್ರತ್, ರಮಝಾನ್‌ನಲ್ಲಿ ಕೂಡಿದ ಝಕಾತ್ ಹಣವನ್ನು ಬಳಸಬಹುದೇ?" ಎಂದು ಕೇಳಿದರು. ಇಲ್ಲ ಎಂದೆ. ಸೂರಃ ಅತ್ತೌಬಾದ 60ನೇ ಆಯತ್ ಝಕಾತ್‌ನ ಎಂಟು ಬಾಬುಗಳನ್ನು ಗೊತ್ತುಪಡಿಸಿದೆ. ಹನಫೀ ವಿದ್ವಾಂಸರ ಪ್ರಕಾರ ಅದು ಅರ್ಹನಾದ ವ್ಯಕ್ತಿಯ ಸೊತ್ತಾಗಿ ಅವನ ಕೈ ಸೇರಬೇಕು. ಚರಂಡಿಗೆ ಕೈ ಎಲ್ಲಿದೆ?

"ಹಾಗಾದರೆ ಬಡವರ ಓಣಿ ಕೊಳೆಯುತ್ತಲೇ ಇರಬೇಕೇ?" ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ದಾರಿಯ ಅಡಚಣೆ ನಿವಾರಿಸುವುದು ಈಮಾನ್‌ನ ಶಾಖೆಗಳಲ್ಲೊಂದು ಎಂದು ಮಕ್ಕಳಿಗೆ ಪಾಠ ಹೇಳುವವನು ನಾನೇ. ಆ ಪಾಠದಲ್ಲಿ ನಾವು ಯಾವಾಗಲೂ ಮುಳ್ಳು, ಕಲ್ಲುಗಳ ಉದಾಹರಣೆ ಕೊಡುತ್ತೇವೆ, ಚರಂಡಿಯ ಹೆಸರೆತ್ತುವುದಿಲ್ಲ.

ಈಗ ಆ ಓಣಿಯ ಇಪ್ಪತ್ತೆರಡು ಮನೆಗಳೂ ಪಾಲು ಹಾಕುವುದೆಂದು ಮಾತಾಗಿದೆ. ಅಲ್ಲಿ ನಾಲ್ಕು ಹಿಂದೂ ಕುಟುಂಬಗಳಿವೆ. ಮಸೀದಿಯ ಹಣದಿಂದ ಕೆಲಸವಾಗಿದ್ದರೆ ಅವರು ಋಣದವರಾಗುತ್ತಿದ್ದರು. ಈಗ ಲೆಕ್ಕದ ಪುಸ್ತಕ ಇರುವುದೇ ಅವರಲ್ಲೊಬ್ಬ ನಿವೃತ್ತ ಗುಮಾಸ್ತರ ಬಳಿ. ಅಗರಬತ್ತಿ ಹೊಸೆದು ಬದುಕುವ ವಿಧವೆಯೊಬ್ಬರಿಗೆ ಪಾಲು ಭರಿಸುವ ಶಕ್ತಿಯಿಲ್ಲ. ಆಕೆಗೆ ಝಕಾತ್ ಕೊಡಬಹುದು, ಆದರೆ ಶರತ್ತು ಹಾಕದೆ. ಕೈಸೇರಿದ ಮೇಲೆ ಅದನ್ನು ಚರಂಡಿಗೆ ಕೊಡುವುದೂ ಅಕ್ಕಿ ತರುವುದೂ ಆಕೆಯ ಇಚ್ಛೆ. ಇದನ್ನು ಯುವಕರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಬಾಡಿಗೆ ಮನೆಗಳ ಪಾಲು ಮಾಲೀಕರದ್ದೋ ಬಾಡಿಗೆದಾರರದ್ದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಓಣಿಯ ತುದಿಯಿಂದಾಚೆಗಿನ ಕಾಲುವೆಯ ಹೂಳು ತೆಗೆಯಬೇಕಾದದ್ದು ನಗರಸಭೆ. ಅದಕ್ಕೆ ಕೊಡಬೇಕಾದ ಅರ್ಜಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.